ಹಳ್ಳದ ಮೇಲೊಂದು ಹೆಂಚಿನ ಸಂಕ

ಖಾನಾಪುರ ತಾಲ್ಲೂಕಿನಲ್ಲಿ, ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋಗುವಾಗ, ನಮ್ಮ ಮನೆಗೂ ಗದ್ದೆಗೂ ನಡುವೆ ಒಂದು ಹಳ್ಳ ಬರುತ್ತದೆ. ದಡದಿಂದ ದಡಕ್ಕೆ 22 ಅಡಿ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿಬಿಡಬಹುದು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದರ ಸುದ್ದಿಗೆ ಹೋಗುವ ಹಾಗಿಲ್ಲ. ಇಷ್ಟು ವರ್ಷ ಎರಡು ದಿಮ್ಮಿ, ಮೇಲೆ ಅಡ್ಡ ಗಳ, ಕೈಗೆ ಆಸರೆಗೆ ಒಂದು ಬಿದಿರು, ಇಷ್ಟೇ ನಮ್ಮ ಸಂಕ. ಮೂರ್ನಾಲ್ಕು ಮಳೆಗಾಲಕ್ಕೆ ದಿಮ್ಮಿಯ ತುದಿ ಮೆತ್ತಗಾಗುತ್ತಿತ್ತು. ಮತ್ತೆ ಹೊಸ ದಿಮ್ಮಿ ಹುಡುಕು, ಮತ್ತೆ ಜನ ಕರೆದು ಎತ್ತಿಸು. ಈ ಸಲ ಆ ಗೋಳು ಬೇಡ ಅಂತ ಮೇಲೆ ಹೆಂಚು ಹೊದಿಸಿ, ಪಕ್ಕ ಮುಚ್ಚಿ, ಪೂರಾ ಮರದ ಸಂಕ ಕಟ್ಟಿದೆವು. ಅಳತೆ, ಕಟ್ಟಿಗೆ, ಜೋಡಣೆ ಎಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

"ಎರಡು ಸಿಮೆಂಟ್ ಪೈಪ್ ಹಾಕಿ ಮಣ್ಣು ಮುಚ್ಚಿದ್ರ ಮುಗೀತಲ್ಲ?" ಅಂತ ಕೇಳದವರೇ ಇಲ್ಲ. ನಮ್ಮ ಹಳ್ಳ ಬರೀ ನೀರು ತರುವುದಿಲ್ಲ. ಟೊಂಗೆ, ಬೇರು, ಒಮ್ಮೊಮ್ಮೆ ಇಡೀ ಮರ ತರುತ್ತದೆ. ಪೈಪಿನ ಬಾಯಿ ಕಟ್ಟಿಕೊಂಡರೆ ನೀರು ಮೇಲೇರಿ ಮಣ್ಣನ್ನು ಹೊತ್ತೊಯ್ಯುತ್ತದೆ. ಕಾಂಕ್ರೀಟ್ ಸ್ಲ್ಯಾಬ್ ಹಾಕಿದ್ದರೆ ನಿಜಕ್ಕೂ ಒಳ್ಳೆಯದಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಟ್ರ್ಯಾಕ್ಟರ್ ನಿಲ್ಲುವ ಜಾಗದಿಂದ ಹಳ್ಳದವರೆಗೆ ಕಾಲುದಾರಿ ಮಾತ್ರ. ಜಲ್ಲಿ, ಮರಳು, ಕಬ್ಬಿಣ ಎಲ್ಲ ತಲೆ ಮೇಲೆ ಹೊರಬೇಕು. ಹೇಗೂ ಹೊರುವುದೇ ಆದರೆ ಕಟ್ಟಿಗೆಯನ್ನೇ ಹೊರೋಣ ಅಂತ ತೀರ್ಮಾನವಾಯಿತು.

ಹೆಂಚಿನ ಮಾಡು ಯಾರಿಗೆ?

ಹೊದಿಕೆ ಸೇತುವೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅಮೆರಿಕದ ವರ್ಮಾಂಟ್, ಪೆನ್ಸಿಲ್ವೇನಿಯಾ ಕಡೆಯ ಕೆಂಪು ಬಣ್ಣದ ಸೇತುವೆಗಳ ಫೋಟೋ. ಮಾಡು ಯಾಕೆ ಅಂತ ಕೇಳಿದರೆ ತರಹೇವಾರಿ ಕತೆ ಹೇಳುತ್ತಾರೆ. ಕುದುರೆ ನೀರು ನೋಡಿ ಬೆದರಬಾರದು ಅಂತ, ದಾರಿಹೋಕರು ಮಳೆಗೆ ನಿಲ್ಲಲಿ ಅಂತ, ಒಳಗೆ ಹಿಮ ಬೀಳಬಾರದು ಅಂತ. ಹಿಮದ ಮಾತಂತೂ ತಲೆಕೆಳಗು. ಚಳಿಗಾಲದಲ್ಲಿ ಜಾರುಗಾಡಿ ಓಡಲಿ ಅಂತ ಅಲ್ಲಿಯವರು ಕೂಲಿ ಕೊಟ್ಟು ಸೇತುವೆ ಒಳಗೆ ಹಿಮ ತಂದು ಹಾಸುತ್ತಿದ್ದರು!

ಮಾಡು ಇರುವುದು ಕಟ್ಟಿಗೆಗಾಗಿ. ಭಾರ ಹೊರುವ ತೊಲೆ, ಪಟ್ಟಿ, ಜೋಡಣೆ ನೆನೆಯಬಾರದು, ಅಷ್ಟೇ. ಬಯಲಿಗೆ ಬಿಟ್ಟ ಮರದ ಸೇತುವೆ ಹತ್ತಿಪ್ಪತ್ತು ವರ್ಷದಲ್ಲಿ ಸೋಲುತ್ತದೆ. ಅದೇ ಮರಕ್ಕೆ ಮಾಡು, ಗೋಡೆ ಕೊಟ್ಟರೆ ನೂರು ವರ್ಷ ದಾಟುತ್ತದೆ. ಅಮೆರಿಕದಲ್ಲಿ ಇದು ಶುರುವಾದದ್ದು ಫಿಲಡೆಲ್ಫಿಯಾದಲ್ಲಿ. ಸ್ಕೂಲ್‌ಕಿಲ್ ನದಿಗೆ ಟಿಮೊಥಿ ಪಾಮರ್ ಅನ್ನುವವನು ಕಟ್ಟಿದ ಸೇತುವೆ 1805ರಲ್ಲಿ ತೆರೆಯಿತು. ಸೇತುವೆ ಕಂಪನಿಯ ಮುಖ್ಯಸ್ಥ, ನ್ಯಾಯಾಧೀಶ ರಿಚರ್ಡ್ ಪೀಟರ್ಸ್, ಇಷ್ಟು ದುಡ್ಡು ಹಾಕಿದ ಮೇಲೆ ಅದನ್ನು ಮುಚ್ಚಲೇಬೇಕು ಅಂತ ಹಟ ಹಿಡಿದ. ಯುರೋಪಿನಲ್ಲಿ ಇದು ಆಗಲೇ ಹಳೇ ವಿದ್ಯೆ. ಸ್ವಿಟ್ಜರ್ಲೆಂಡಿನ ಲುಸರ್ನ್ ಊರಿನ ಹೆಂಚಿನ ಸೇತುವೆ 14ನೇ ಶತಮಾನದ್ದು. 1993ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟಿತು, ಮರುವರ್ಷವೇ ಮತ್ತೆ ಕಟ್ಟಿ ನಿಲ್ಲಿಸಿದರು.

ನಮ್ಮ ಬಡಿಗೇರ ಕಾಕಾಗೆ ಇದನ್ನೆಲ್ಲ ಹೇಳಿದೆ. ಬೈಲಹೊಂಗಲ ಕಡೆಯವರು, ಚಕ್ಕಡಿ ಮಾಡಿ ಮಾಡಿ ಕೈ ಪಳಗಿದವರು. ಅವರಿಗೆ ಯಾವ ದೇಶದ ಸಾಕ್ಷಿಯೂ ಬೇಕಾಗಲಿಲ್ಲ. "ತಮ್ಮಾ, ಸದಾ ನೀರಾಗ ಮುಳುಗಿದ ಕಟ್ಟಿಗಿ ಕೊಳೆಯೂದಿಲ್ಲ. ಸದಾ ಒಣಗಿದ್ದೂ ಕೊಳೆಯೂದಿಲ್ಲ. ತೊಯ್ಯೂದು ಒಣಗೂದು, ತೊಯ್ಯೂದು ಒಣಗೂದು ಮಾಡ್ತದಲ್ಲ, ಅದು ಸಾಯ್ತದ. ನೀ ಹೆಂಚ ಹಾಕು, ಆದ್ರ ತುದಿ ನೋಡ್ಕೋ" ಅಂದರು. ಆ ಕೊನೆಯ ಮಾತನ್ನೇ ಹಿಡಿದುಕೊಂಡು ನಾವು ಸಂಕವನ್ನು ತುದಿಯಿಂದ ಶುರು ಮಾಡಿದೆವು.

ದಡದ ಕಟ್ಟೆ

ಮೊದಲು ನೀರಿನ ಮಟ್ಟ. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಯೆಲ್ಲ ನೆರೆಗೆ ಸಿಕ್ಕಾಗ ನಮ್ಮ ಹಳ್ಳ ಎಲ್ಲಿವರೆಗೆ ಏರಿತ್ತು ಅನ್ನುವ ಗುರುತು ದಡದ ಮತ್ತಿ ಮರದ ಮೇಲೆ ಈಗಲೂ ಇದೆ. ಸಂಕದ ತಳ ಆ ಗುರುತಿಗಿಂತ ಮೂರು ಅಡಿ ಮೇಲಿರಬೇಕು ಅಂತ ಇಟ್ಟುಕೊಂಡೆವು. ಮಾಡು ಮಳೆಯನ್ನು ತಡೆಯುತ್ತದೆ, ಹೊಳೆಯನ್ನಲ್ಲ. ವರ್ಮಾಂಟಿನ ಬಾರ್ಟನ್ಸ್‌ವಿಲ್ ಸೇತುವೆ 1870ರದ್ದು, ಕಟ್ಟಿಗೆ ಚೆನ್ನಾಗೇ ಇತ್ತು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ನದಿ ದಡವನ್ನೇ ಕೊರೆಯಿತು. ಸೇತುವೆ ನಿಂತಿದ್ದ ಕಟ್ಟೆ ಕುಸಿದು ಇಡೀ ಸೇತುವೆ ಹಾಗೇ ನೀರಿಗೆ ಜಾರಿತು. 140 ವರ್ಷ ಬಾಳಿದ್ದು ಕೆಲವೇ ಕ್ಷಣದಲ್ಲಿ ಹೋಯಿತು. ಹಾಗಾಗಿ ಬುಡಕ್ಕೆ ಖರ್ಚು ಮಾಡಲು ನಾವು ಕೈ ಬಿಗಿ ಹಿಡಿಯಲಿಲ್ಲ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಕೆಂಪು ಚಿರೆಕಲ್ಲು. ಮನೆಗೆ ಸೈ, ಹಳ್ಳದ ಬುಡಕ್ಕೆ ಬೇಡ. ನೀರು ಕುಡಿಯುತ್ತದೆ, ಹರಿವಿಗೆ ಸವೆಯುತ್ತದೆ. ತಳದಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆದು ಕರಿಕಲ್ಲು ಕಟ್ಟಿದೆವು. ನೀರಿನ ಗುರುತು ದಾಟಿದ ಮೇಲೆ ಮಾತ್ರ ಚಿರೆಕಲ್ಲು. ಹರಿವು ಬಂದು ಬಡಿಯುವ ಮೇಲ್ಭಾಗದಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಒತ್ತಾಗಿ ಜೋಡಿಸಿದೆವು.

ಕಾಕಾ ಹೇಳಿದ ತುದಿಯ ವಿಷಯ ಇಲ್ಲಿದೆ. ಕಟ್ಟೆಯ ಮೇಲೆ ಸಂಕದ ಕೆಳಪಟ್ಟಿ, ಅಂದರೆ ಸಂಕದ ಉದ್ದಕ್ಕೂ ಹೋಗುವ ಕೆಳಗಿನ ಹಲಗೆ, ನೇರವಾಗಿ ಕಲ್ಲಿಗೆ ತಾಗುವ ಹಾಗಿಲ್ಲ. ನಡುವೆ ಆರಿಂಚು ದಪ್ಪದ ಮತ್ತಿ ದಿಂಡು. ಆ ದಿಂಡಿನ ಕೆಳಗೂ ಎರಡು ಕಲ್ಲಿನ ಪಟ್ಟಿ, ಅವುಗಳ ಮಧ್ಯೆ ಗಾಳಿ ಆಡಬೇಕು, ನೀರು ನಿಲ್ಲಬಾರದು. ಹಿಂದಿನ ಮಣ್ಣು ಕಟ್ಟಿಗೆಗೆ ಮುಟ್ಟದ ಹಾಗೆ ಒಂದು ಅಡ್ಡಗೋಡೆ, ಗೋಡೆಗೂ ಕಟ್ಟಿಗೆಗೂ ನಡುವೆ ಕೈ ಹಾಕಿ ಎಲೆ, ಕಸ ತೆಗೆಯುವಷ್ಟು ಜಾಗ. ಕೊಳೆತರೆ ಮೊದಲು ಈ ದಿಂಡು ಕೊಳೆಯಲಿ ಅಂತಲೇ ಇಟ್ಟದ್ದು. ಜಾಕ್ ಹಾಕಿ ಸಂಕವನ್ನು ಒಂದಿಂಚು ಎತ್ತಿದರೆ ಹಳೆಯದನ್ನು ಎಳೆದು ಹೊಸದನ್ನು ತೂರಿಸಬಹುದು. ಜಾಕ್ ಕೂರಿಸಲು ಕಟ್ಟೆಯಲ್ಲೇ ಒಂದು ಮೂಲೆ ಬಿಟ್ಟಿದ್ದೇವೆ.

ಹಲಗೆಯ ಜಾಳಿಗೆ

22 ಅಡಿಗೆ ಪುಸ್ತಕದ ಪ್ರಕಾರ ಸುಲಭದ್ದು ಅಂದರೆ ನಡುಗಂಬದ ಟ್ರಸ್. ಒಂದು ಉದ್ದ ತೊಲೆ, ನಡುವೆ ಒಂದು ಕಂಬ, ಎರಡು ಕಡೆ ಓರೆ ಕೈ. ತೊಂದರೆ ಏನಂದರೆ ಆ ತೊಲೆ 26 ಅಡಿ ಉದ್ದ, ಒಂದೇ ತುಂಡು ಬೇಕು. ಅಷ್ಟು ಉದ್ದದ ಸಾಗವಾನಿ ಇವತ್ತು ಕಾನೂನುಬದ್ಧವಾಗಿ ಕೊಳ್ಳಲು ಹೊರಟರೆ ಬೆಲೆ ಕೇಳಿಯೇ ವಾಪಸ್ ಬರಬೇಕು. ಮೇಲಾಗಿ ಆ ಕಾಲುದಾರಿಯಲ್ಲಿ ಅದನ್ನು ಹೊರುವವರು ಯಾರು?

ಇದೇ ತೊಂದರೆಗೆ 200 ವರ್ಷದ ಹಿಂದೆ ಕನೆಕ್ಟಿಕಟ್‌ನ ಇಥಿಯಲ್ ಟೌನ್ ಅನ್ನುವ ಮನೆಕಟ್ಟುವವನು ಒಂದು ದಾರಿ ಹುಡುಕಿದ್ದ. 1820ರಲ್ಲಿ ಪೇಟೆಂಟ್ ಪಡೆದ. ದೊಡ್ಡ ತೊಲೆಯೇ ಬೇಡ. ಸಾ ಮಿಲ್‌ನಲ್ಲಿ ಕೊಯ್ದ ಒಂದೇ ಅಳತೆಯ ಹಲಗೆಗಳು ಸಾಕು. ಒಂದು ಸಾಲು ಬಲಕ್ಕೆ ಓರೆ, ಅದರ ಬೆನ್ನಿಗೆ ಇನ್ನೊಂದು ಸಾಲು ಎಡಕ್ಕೆ ಓರೆ, ಕತ್ತರಿಸಿ ಹೋಗುವಲ್ಲೆಲ್ಲ ಮರದ ಗೂಟ. ಮೇಲೆ ಕೆಳಗೆ ಎರಡೂ ಮೈಗೆ ಉದ್ದದ ಪಟ್ಟಿ. ಕಚ್ಚು ಕೊರೆಯುವ ನಾಜೂಕು ಕೆಲಸ ಇಲ್ಲ, ತೂತು ಕೊರೆಯಲು ಬಂದರೆ ಸಾಕು. ಟೌನ್ ಸೇತುವೆ ಕಟ್ಟಿದ್ದಕ್ಕಿಂತ ಹಕ್ಕು ಮಾರಿಯೇ ದುಡ್ಡು ಮಾಡಿದ. ಸೇತುವೆಯ ಅಡಿಗೆ ಒಂದು ಡಾಲರ್, ಕೇಳದೆ ಕಟ್ಟಿ ಸಿಕ್ಕಿಬಿದ್ದರೆ ಎರಡು ಡಾಲರ್. ನಾವು ಕೇಳದೇ ಕಟ್ಟಿದೆವು, ಪುಣ್ಯಕ್ಕೆ ಪೇಟೆಂಟ್ ಮುಗಿದು ಬಹಳ ಕಾಲವಾಗಿದೆ.

ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ನಡುವೆ 1866ರಲ್ಲಿ ಕಟ್ಟಿದ ಕಾರ್ನಿಶ್–ವಿಂಡ್ಸರ್ ಸೇತುವೆಯೂ ಇದೇ ಜಾಳಿಗೆಯ ಜಾತಿ, ಹಲಗೆ ಬದಲು ದಪ್ಪ ಚೌಕ ತೊಲೆ ಬಳಸಿದ್ದಾರೆ. ಉದ್ದ 449 ಅಡಿ. ಇವತ್ತೂ ಅದರ ಮೇಲೆ ಕಾರು ಓಡುತ್ತದೆ.

ನಮ್ಮ ಅಳತೆ ಹೀಗೆ. ಸಂಕದ ಉದ್ದ 26 ಅಡಿ, ಎರಡೂ ಕಡೆ ಕಟ್ಟೆ ಮೇಲೆ ಎರಡೆರಡು ಅಡಿ ಕೂರುತ್ತದೆ. ಒಳಗಿನ ಅಗಲ ನಾಲ್ಕೂವರೆ ಅಡಿ, ಹುಲ್ಲಿನ ಹೊರೆ ಹೊತ್ತವರು ಹೋಗಬೇಕು, ಬೈಕ್ ದೂಡಿಕೊಂಡು ಹೋಗಬೇಕು. ಜಾಳಿಗೆಯ ಹಲಗೆ 12 ಅಡಿ ಉದ್ದ, ಆರಿಂಚು ಅಗಲ, ಒಂದೂವರೆ ಇಂಚು ದಪ್ಪ. 45 ಡಿಗ್ರಿ ಓರೆ ಇಟ್ಟರೆ ಎಂಟೂವರೆ ಅಡಿ ಎತ್ತರ ಬರುತ್ತದೆ. ಎರಡೆರಡು ಅಡಿಗೆ ಒಂದು ಹಲಗೆ. ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ ಸರಿಯಾಗಿ ಎಂಟು ಅಡಿ. ಎರಡರ ಮಗ್ಗಿಯಲ್ಲಿ ಎಂಟು ಬರುವುದರಿಂದ ಎರಡೂ ಸಾಲಿನ ಹಲಗೆಗಳು ಪಟ್ಟಿಯ ಮೇಲೆ ಒಂದೇ ಜಾಗದಲ್ಲಿ ಸೇರುತ್ತವೆ. ಈ ಲೆಕ್ಕ ತಪ್ಪಿದರೆ ಗೂಟ ಹೊಡೆಯಲು ಜಾಗವೇ ಸಿಗುವುದಿಲ್ಲ.

ಭಾರದ ಲೆಕ್ಕ ಅಂದಾಜಿನದ್ದು, ಆದರೆ ಉದಾರವಾಗಿ ಹಿಡಿದದ್ದು. ಕಟ್ಟಿಗೆ, ಹೆಂಚು ಸೇರಿ ಮೂರು ಟನ್‌ಗೆ ಮೇಲೆ. ಒಳಗೆ ಜನ ಒತ್ತಾಗಿ ನಿಂತರೆ ಇನ್ನೂ ಮೂರೂವರೆ ಟನ್ ದಾಟುತ್ತದೆ. ಒಟ್ಟು ಏಳು ಟನ್ ಅನ್ನೋಣ. 7,000 ಕೆ.ಜಿ.ಯನ್ನು 22 ಅಡಿಯಿಂದ ಗುಣಿಸಿ, ಸಮನಾಗಿ ಹರಡಿದ ಭಾರದ ಸೂತ್ರದಂತೆ 8ರಿಂದ ಭಾಗಿಸಿ, ಎತ್ತರ 8 ಅಡಿಯಿಂದ ಮತ್ತೆ ಭಾಗಿಸಿ, ಎರಡು ಜಾಳಿಗೆಗೆ ಹಂಚಿದರೆ ಒಂದೊಂದು ಕೆಳಪಟ್ಟಿಗೆ ಬೀಳುವ ಎಳೆತ ಸುಮಾರು 1,200 ಕೆ.ಜಿ. ಸಾಗವಾನಿಗೆ ಇದು ಲೆಕ್ಕಕ್ಕೇ ಇಲ್ಲ. ಎತ್ತರ ಜಾಸ್ತಿ ಇರುವುದರ ಲಾಭ ಇದು.

ಹಳೇ ಮನೆಯ ತೊಲೆ

ಬೆಳಗಾವಿಯಲ್ಲಿ ಹಳೇ ಮನೆ ಕೆಡವಿದಾಗ ಬರುವ ಕಟ್ಟಿಗೆ ಮಾರುವವರಿದ್ದಾರೆ. ಅಲ್ಲಿ ಸಾಗವಾನಿ ತೊಲೆ, ಜಂತಿ ಸಿಕ್ಕವು. ಹೊಸ ಕಟ್ಟಿಗೆಯ ಹಾಗೆ ಇವು ಇನ್ನು ತಿರುಚುವುದಿಲ್ಲ, ಬಿರಿಯುವುದಿಲ್ಲ. ರಸೀದಿ ಮಾತ್ರ ಕೇಳಿ ಪಡೆಯಿರಿ, ದಾರಿಯಲ್ಲಿ ಅರಣ್ಯದವರು ನಿಲ್ಲಿಸಿದರೆ ತೋರಿಸಬೇಕಾಗುತ್ತದೆ.

ಸಾ ಮಿಲ್‌ನವರು ಹಳೇ ಕಟ್ಟಿಗೆ ಅಂದರೆ ಮುಖ ಸಿಂಡರಿಸುತ್ತಾರೆ. ಒಳಗೆ ಮುರಿದ ಮೊಳೆ ಇದ್ದರೆ ಬ್ಲೇಡ್ ಹಲ್ಲು ಹಾರುತ್ತದೆ. ಹೊರಗೆ ಕಾಣುವ ಮೊಳೆ ಕೀಳುವುದು ಸುಲಭ, ತಲೆ ಮುರಿದು ಒಳಗೆ ಕೂತದ್ದೇ ಕಷ್ಟ. ಕಾಕಾ ಅದಕ್ಕೊಂದು ಉಪಾಯ ಮಾಡಿದರು. ತೊಲೆಯ ಮೇಲೆ ಬಾಚಿಯಿಂದ ತೆಳ್ಳಗೆ ಕೆತ್ತುತ್ತಾ ಹೋಗುವುದು. ಮೊಳೆ ಇದ್ದ ಕಡೆ ಸಾಗವಾನಿಯ ಹೊಂಬಣ್ಣದ ನಡುವೆ ನೀಲಿಗಪ್ಪು ಕಲೆ ಏಳುತ್ತದೆ. ಕಬ್ಬಿಣ ಮರದ ರಸಕ್ಕೆ ಬಿಡುವ ಬಣ್ಣ ಅದು. ಕಲೆಗೆ ಸುಣ್ಣದಿಂದ ಗುಂಡಗೆ ಗುರುತು ಹಾಕಿ, ಆ ಜಾಗ ಕೊರೆದು ತೆಗೆದ ಮೇಲೆಯೇ ಮಿಲ್‌ಗೆ ಕೊಟ್ಟೆವು.

ಕೆಳಪಟ್ಟಿಗೆ ಉದ್ದ ಹಲಗೆ ಸಿಗದಿದ್ದರೂ ನಡೆಯುತ್ತದೆ. 13 ಅಡಿಯ ತುಂಡುಗಳನ್ನು ಒಳಮೈಯಲ್ಲಿ ಒಂದು ಕಡೆ, ಹೊರಮೈಯಲ್ಲಿ ಇನ್ನೊಂದು ಕಡೆ ಕೂಡಿಸಿದರೆ ಆಯಿತು. ಎರಡು ಕೂಡುಗಳು ಎದುರುಬದುರು ಬರಬಾರದು ಅಷ್ಟೇ.

ಗೂಟ

ನನಗೆ ಇಡೀ ಕೆಲಸದಲ್ಲಿ ಹಿಡಿಸಿದ್ದು ಇದು. ಇಥಿಯಲ್ ಟೌನ್ ಮಾದರಿಯ ಸೇತುವೆಗಳಲ್ಲಿ ಓಕ್ ಮರದ ಗೂಟ ಹೊಡೆಯುತ್ತಿದ್ದರು. ನಮ್ಮಲ್ಲಿ ಆ ಜಾಗಕ್ಕೆ ಕರಿಜಾಲಿ. ಚಕ್ಕಡಿಯ ಗಾಲಿಗೆ, ನೇಗಿಲಿಗೆ, ಕೊಡಲಿ ಕಾವಿಗೆ ಜಾಲಿ ಬಿಟ್ಟು ಬೇರೆ ಯೋಚನೆ ಮಾಡದ ಸೀಮೆ ನಮ್ಮದು. ಬಯಲುಸೀಮೆಯಿಂದ ಒಣಗಿದ ಜಾಲಿ ಕೊಂಬೆಗಳನ್ನು ಕಾಕಾನೇ ತರಿಸಿದರು.

ಗರಗಸದಿಂದ ಕೊಯ್ದ ಗೂಟ ಬೇಡ, ಸೀಳಿದ ಗೂಟ ಬೇಕು. ಕೊಯ್ದರೆ ಮರದ ಎಳೆ ಅಡ್ಡ ಕತ್ತರಿಸಿ ಹೋಗುತ್ತದೆ, ಹೊಡೆಯುವಾಗ ಅಲ್ಲೇ ಮುರಿಯುತ್ತದೆ. ಸೀಳಿದರೆ ಎಳೆ ತುದಿಯಿಂದ ತುದಿಗೆ ಹೋಗುತ್ತದೆ. ಸೀಳಿದ ತುಂಡನ್ನು ಬಾಚಿಯಿಂದ ಎಂಟು ಮುಖ ಮಾಡಿ, ಕಂಬಾರರ ಹತ್ತಿರ ಮಾಡಿಸಿದ ದಪ್ಪ ಉಕ್ಕಿನ ತಗಡಿನ ಮೇಲೆ ಇಡುವುದು. ತಗಡಿನಲ್ಲಿ ಮೂರು ತೂತು, ಒಂದಕ್ಕಿಂತ ಒಂದು ಸಣ್ಣದು. ಕೊಡತಿಯಿಂದ ಹೊಡೆದರೆ ಗೂಟ ಒಂದೊಂದೇ ತೂತು ದಾಟಿ, ಮೈ ಹೆರೆಸಿಕೊಂಡು, ಕೆಳಗೆ ನುಣ್ಣಗೆ ಬೀಳುತ್ತದೆ. ಕೊನೆಯ ತೂತು ನಮ್ಮ ಡ್ರಿಲ್ ತೂತಿಗಿಂತ ಕೂದಲಷ್ಟು ದೊಡ್ಡದು. ಹಾಗಾಗಿ ಗೂಟ ಬಿಗಿಯಾಗೇ ಹೋಗುತ್ತದೆ.

ಮಾಡಿದ ಗೂಟಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆವು. ಹೊಡೆಯುವ ಹೊತ್ತಿಗೆ ಗೂಟ ಹಲಗೆಗಿಂತ ಒಣಗಿರಬೇಕು. ಆಮೇಲೆ ಮಳೆಗಾಲದ ಗಾಳಿಯ ತೇವ ಕುಡಿದು ಅದು ಒಳಗೇ ಉಬ್ಬಿ ಕೂರುತ್ತದೆ. ಉಲ್ಟಾ ಆದರೆ ಸಡಿಲ.

ಎಲ್ಲ ಕಡೆ ಗೂಟವೇ ಇರಬೇಕು ಅಂತ ಹಟ ಮಾಡಲಿಲ್ಲ. ನೆಲದ ಅಡ್ಡತೊಲೆ, ಮೂಲೆಯ ಆಸರೆಗಳಿಗೆ ಸತು ಲೇಪಿಸಿದ ಜಿಐ ಬೋಲ್ಟ್ ಹಾಕಿದ್ದೇವೆ.

ಕಣದಲ್ಲಿ ಜೋಡಣೆ

ಕಾರ್ನಿಶ್–ವಿಂಡ್ಸರ್ ಸೇತುವೆಯನ್ನು ಮೊದಲು ಹತ್ತಿರದ ಹುಲ್ಲುಗಾವಲಿನಲ್ಲಿ ಜೋಡಿಸಿ ನೋಡಿ, ಆಮೇಲೆ ಬಿಚ್ಚಿ ನದಿಗೆ ಒಯ್ದಿದ್ದರಂತೆ. ನಮಗೆ ಗದ್ದೆಯ ಕಣ ಇತ್ತು. ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ನೆಲದ ಮೇಲೆ ಸುಣ್ಣದ ಗೆರೆ ಹಾಕಿ, ಜಾಳಿಗೆಯನ್ನು ಮಲಗಿಸಿಯೇ ಜೋಡಿಸಿದೆವು.

ಗೆರೆ ನೇರ ಅಲ್ಲ. ನಡುವೆ ಒಂದೂವರೆ ಇಂಚು ಮೇಲಕ್ಕೆ ಬಾಗಿಸಬೇಕು. ಭಾರ ಬಿದ್ದು ಗೂಟಗಳು ಕೂತಾಗ ಜಾಳಿಗೆ ಸ್ವಲ್ಪ ಇಳಿದೇ ಇಳಿಯುತ್ತದೆ. ಮೊದಲೇ ಉಬ್ಬು ಕೊಟ್ಟಿದ್ದರೆ ಇಳಿದ ಮೇಲೂ ಜೋತು ಬಿದ್ದ ಹಾಗೆ ಕಾಣುವುದಿಲ್ಲ.

ನಾಲ್ಕೂ ಪದರ ಒಟ್ಟಿಗೆ ಬಿಗಿದು ಒಂದೇ ಸಲ ತೂತು ಕೊರೆಯಬೇಕು. ಬೇರೆ ಬೇರೆ ಕೊರೆದು ಆಮೇಲೆ ಹೊಂದಿಸುತ್ತೇನೆ ಅಂದರೆ ಆಗುವ ಮಾತಲ್ಲ. ಒಂದಿಂಚಿನ ಆಗರ್ ಬಿಟ್, ಕೆಳಗೆ ಒಂದು ರದ್ದಿ ಹಲಗೆ, ಇಲ್ಲದಿದ್ದರೆ ಬಿಟ್ ಹೊರಬರುವಾಗ ಸಿಬಿರು ಏಳುತ್ತದೆ. ಪಟ್ಟಿಯ ಮೇಲೆ ಪ್ರತಿ ಕೂಡಿಗೆ ಎರಡು ಗೂಟ, ಒಂದೇ ಎಳೆಯ ಸಾಲಿನಲ್ಲಿ ಬರದ ಹಾಗೆ ಓರೆಯಾಗಿ. ಒಂದೇ ಸಾಲಿಗೆ ಬಂದರೆ ಹಲಗೆ ಸೀಳುತ್ತದೆ. ಹಲಗೆಗಳ ತುದಿಗೆ, ಒಂದರ ಮೇಲೊಂದು ಕೂರುವ ಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಗೆದ್ದಲಿಗೆ, ಹುಳಕ್ಕೆ ಅದು ಹಳೇ ಮದ್ದು. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಒಂದೊಂದು ಜಾಳಿಗೆ ನಾಲ್ಕೂವರೆ ಕ್ವಿಂಟಲ್ ಹತ್ತಿರ ತೂಗುತ್ತದೆ. ಏಪ್ರಿಲ್‌ನಲ್ಲಿ ಹಳ್ಳ ಒಣಗಿದ್ದಾಗ ನೀಲಗಿರಿ ಗಳಗಳ ಮೇಲೆ ಜಾರಿಸಿ, ಚೈನ್ ಪುಲ್ಲಿಯಿಂದ ಎತ್ತಿ ಕೂರಿಸಿದೆವು. ಊರಿನ ಹುಡುಗರೆಲ್ಲ ಬಂದಿದ್ದರು. ನಿಂತ ಜಾಳಿಗೆಯನ್ನು ಕೈಯಿಂದ ತಳ್ಳಿದರೆ ಪಕ್ಕಕ್ಕೆ ತೂಗುತ್ತದೆ. ಇದರ ದೌರ್ಬಲ್ಯವೇ ಅದು, ಮೇಲಿನಿಂದ ಗಟ್ಟಿ, ಪಕ್ಕಕ್ಕೆ ತೆಳು. ಅದಕ್ಕೆ ನೆಲದ ಕೆಳಗೆ ಮತ್ತು ಮಾಡಿನ ಕೆಳಗೆ ಕತ್ತರಿ ಪಟ್ಟಿ, ಒಳಮೂಲೆಗಳಲ್ಲಿ ಓರೆ ಆಸರೆ. ಇವು ಬಿಗಿದ ಮೇಲೆ ಅಲುಗಾಟ ನಿಂತಿತು.

ಹೆಂಚು, ಪಕ್ಕದ ಗೋಡೆ

ತಗಡು ಹಾಕಿದರೆ ಹಗುರ, ಅಗ್ಗ. ಖಾನಾಪುರದಲ್ಲಿದ್ದುಕೊಂಡು ಹೆಂಚು ಬಿಟ್ಟು ತಗಡು ಹಾಕುವುದಾ ಅನ್ನುವ ಅಭಿಮಾನವೂ ಸ್ವಲ್ಪ ಇತ್ತು, ಆದರೆ ನಿಜವಾದ ಕಾರಣ ಗಾಳಿ. ಸಂಕದ ಅಗಲ ಐದೂವರೆ ಅಡಿ, ಎತ್ತರ ಅದರ ದುಪ್ಪಟ್ಟಿಗಿಂತ ಜಾಸ್ತಿ. ಆಷಾಢದ ಗಾಳಿಗೆ ಪಕ್ಕಕ್ಕೆ ಮಗುಚಲು ನೋಡುತ್ತದೆ. ಇಂಥಲ್ಲಿ ತೂಕವೇ ಆಸರೆ. ಸುಮಾರು 480 ಹೆಂಚು, ಒಂದೊಂದು ಎರಡೂವರೆ ಕೆ.ಜಿ. ಹತ್ತಿರ, ಅಂದರೆ 12 ಕ್ವಿಂಟಲ್. ಜೊತೆಗೆ ನಾಲ್ಕೂ ಮೂಲೆಯಲ್ಲಿ ಕಟ್ಟೆಯೊಳಗೆ ಹೂತ ರಾಡಿಗೆ ಬೋಲ್ಟ್ ಬಿಗಿದಿದ್ದೇವೆ. ಮಾಡು ಎರಡೂ ತುದಿಯಲ್ಲಿ, ಎರಡೂ ಪಕ್ಕದಲ್ಲಿ ಎರಡೆರಡು ಅಡಿ ಹೊರಗೆ ಚಾಚಿದೆ.

ನಮ್ಮ ಮಳೆ ನೇರ ಬೀಳುವುದಿಲ್ಲ, ಪಶ್ಚಿಮದಿಂದ ಓರೆ ಬರುತ್ತದೆ. ಬರೀ ಮಾಡು ಸಾಲದು. ಪಶ್ಚಿಮದ ಮೈಗೆ ಅಕೇಶಿಯಾ ಹಲಗೆ ನಿಲುವಾಗಿ ಹೊಡೆದು, ಸೂರಿನ ಕೆಳಗೆ ಬೆಳಕಿಗೆ ಒಂದು ಅಡಿ ಬಿಟ್ಟೆವು. ಪೂರ್ವಕ್ಕೆ ಬಿದಿರಿನ ತಟ್ಟಿ. ಗಾಳಿ ಸೋಸಿಕೊಂಡು ಹೋಗುತ್ತದೆ, ಹಾಳಾದರೆ ಎರಡು ಗಂಟೆಯ ಕೆಲಸ. ಜಾಳಿಗೆಯನ್ನೇ ಕಾಣುವ ಹಾಗೆ ಬಿಡಿ, ಚಂದ ಇದೆ ಅಂತ ಬಹಳ ಜನ ಹೇಳಿದರು. ಚಂದ ಇದೆ, ನಿಜ. ಹಾಗೆ ಬಿಟ್ಟರೆ ಮಾಡು ಹಾಕಿ ಏನು ಬಂತು?

ಜೂನ್‌ಗೆ ಮೊದಲು ಒಂದು ಪರೀಕ್ಷೆ. ಎರಡೂ ತುದಿಗೆ ದಾರ ಎಳೆದು ಕಟ್ಟಿ, ಒಳಗೆ 50 ಕೆ.ಜಿ.ಯ 40 ಚೀಲ ಮರಳು ಪೇರಿಸಿ ರಾತ್ರಿ ಬಿಟ್ಟೆವು. ನಡುವೆ ಕಾಲಿಂಚಿಗೆ ಸ್ವಲ್ಪ ಹೆಚ್ಚು ಇಳಿಯಿತು. ಚೀಲ ತೆಗೆದ ಮೇಲೆ ಬಹುಪಾಲು ಮೇಲೆ ಬಂತು, ಚೂರು ಉಳಿಯಿತು. ಅದು ಗೂಟಗಳು ತಮ್ಮ ಜಾಗದಲ್ಲಿ ಕೂತ ಲೆಕ್ಕ. ಉಬ್ಬು ಇನ್ನೂ ಒಂದಿಂಚಿಗೆ ಮೇಲೇ ಇದೆ.

ಒಂದು ಮಳೆಗಾಲ ಆದ ಮೇಲೆ

ಜಾಳಿಗೆ ಒಣಗಿದೆ. ಕೆಳಪಟ್ಟಿಯ ತುದಿಗಳಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ, ಎಲ್ಲೂ ಇಳಿಯಲಿಲ್ಲ. ಗೂಟ ಒಂದೂ ಹೊರಬಂದಿಲ್ಲ. ನೆಂದದ್ದು ಒಳಗೆ ಕಾಲಿಡುವ ಕಡೆಯ ಎರಡು ನೆಲಹಲಗೆ. ಮಳೆಯಿಂದಲ್ಲ, ನಮ್ಮ ಕಾಲಿನ ಕೆಸರಿನಿಂದ. ಎರಡೂ ಬಾಗಿಲಲ್ಲಿ ಹೊರಗೆ ಇಳಿಜಾರಿನ ಕಲ್ಲು ಹಾಸಿ, ತುದಿಯ ನಾಲ್ಕು ಹಲಗೆಗಳ ಮೊಳೆ ತೆಗೆದು ಸ್ಕ್ರೂ ಹಾಕಿದ್ದೇವೆ, ಬೇಕಾದಾಗ ಬಿಚ್ಚಿ ಒಣಗಿಸಬಹುದು. ಪೂರ್ವದ ತಟ್ಟಿಯಲ್ಲಿ ಮೂರು ಕಡೆ ದನ ಕೊಂಬು ತಿಕ್ಕಿ ಹರಿದಿವೆ. ಸೊಂಟದೆತ್ತರದವರೆಗೆ ಅಲ್ಲಿಯೂ ಹಲಗೆ ಹೊಡೆಯಬೇಕು ಅಂತ ಕಾಕಾ ಹೇಳಿದ್ದಾರೆ. ಅಕೇಶಿಯಾ ಇನ್ನೂ ಹತ್ತು ಹಲಗೆ ಉಳಿದಿವೆ, ದೀಪಾವಳಿ ಆದ ಮೇಲೆ ಆ ಕೆಲಸ.